ತಾಮ್ರದ ತೊಗಲು

"ಇವರು ನಮ್ಮ ಹಳೇ ಕೆಲಸದವರು."

ತಮ್ಮ ಅಂದದ್ದು ಈ ನಾಲ್ಕೇ ಮಾತು. ಸಮುದ್ರದಾಚೆಯಿಂದ ಕೇಬಲ್ ಕೊಳ್ಳಲು ಬಂದಿದ್ದ ಕೋಟಿನವನಿಗೆ ಕಾರ್ಖಾನೆ ತೋರಿಸುತ್ತ ಟೆಸ್ಟಿಂಗ್ ಬೆಂಚಿನ ಬಳಿ ನಿಂತು, ಒಡಹುಟ್ಟಿದ ಅಣ್ಣನ ಕಡೆ ಕೈಮಾಡಿ ಹಾಗಂದ. ಕೋಟಿನವನು ಕೈಕುಲುಕಿ ಮುಂದೆ ಹೋದ. ಅಣ್ಣ ಮಾತ್ರ ಚಾಚಿದ ಕೈ ಹಾಗೇ ಹಿಡಿದುಕೊಂಡು ನಿಂತಿದ್ದ.

ಮೀಟರ್ ಹಿಡಿಯದೆ ಯಾವುದನ್ನೂ ನಂಬದವನೆಂದು ಕಾರ್ಖಾನೆಯಲ್ಲಿ ಅವನನ್ನು ಮೀಟರಣ್ಣ ಎನ್ನುತ್ತಿದ್ದರು. ಮಕ್ಕಳ ಜ್ವರಕ್ಕೂ ಮೀಟರನ್ನೇ ಹಚ್ಚುತ್ತಾನೆ ಎಂದು ಬೆನ್ನ ಹಿಂದೆ ನಗುತ್ತಿದ್ದರು. ಲಾರಿಯವರಿಗೆ ಅಣ್ಣ, ಕಾವಲುಗಾರನಿಗೆ ಅಣ್ಣ, ಸ್ವಂತ ತಮ್ಮನಿಗೆ ಕೆಲಸದವರು.

ತಗಡಿನ ಶೆಡ್ಡಿನಲ್ಲಿ ಒಂದೇ ಯಂತ್ರ ಇಟ್ಟುಕೊಂಡು ಇಬ್ಬರೂ ಶುರುಮಾಡಿದ್ದರು, ಕಾಗದದ ಮೇಲೆ ಮಾಲೀಕ ಮಾತ್ರ ತಮ್ಮನೊಬ್ಬನೇ. ಆಗೊಮ್ಮೆ ತಮ್ಮನ ಅಂಗಿಯ ತೋಳು ಕೇಬಲ್ ಸುತ್ತುವ ಡ್ರಮ್ಮಿಗೆ ಸಿಕ್ಕಿಕೊಂಡಿತು. ಹಿಂದೆಮುಂದೆ ನೋಡದೆ ಅಣ್ಣ ಕೈ ಹಾಕಿದ. ತಮ್ಮನ ತೋಳು ಉಳಿಯಿತು, ಅಣ್ಣನ ಎಡಗೈಯ ಎರಡು ಬೆರಳು ಹೋದವು. ಅದನ್ನು ಅವನು ಯಾವತ್ತೂ ಎತ್ತಿ ಆಡಿರಲಿಲ್ಲ. ಈಗ ಬೆಂಚಿನ ಮುಂದೆ ಕೂತರೆ ಇಲ್ಲದ ಬೆರಳುಗಳೇ ನೋಯುತ್ತಿದ್ದವು. ಬೈದಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ, ಆದರೆ ಇದು ಕರುಳಿಗೇ ನಾಟಿತ್ತು.

ಸೇಡಿನ ಉಪಾಯ ಹೊಳೆದದ್ದು ಮೂರನೇ ದಿನ, ಮೀಟರಿನ ಮುಳ್ಳನ್ನೇ ದಿಟ್ಟಿಸುತ್ತಿದ್ದಾಗ. ಕೋಟಿನವನು ಕೇಳಿದ್ದು ನಲವತ್ತು ಡ್ರಮ್ಮು ಕೇಬಲ್, ನಡುವಿನ ತಂತಿ ಅಪ್ಪಟ ತಾಮ್ರದ್ದೇ ಆಗಿರಬೇಕು. ಉಗ್ರಾಣದಲ್ಲಿ ಅಗ್ಗದ ಟೀವಿ ಕೇಬಲಿಗೆಂದು ಇನ್ನೊಂದು ತಂತಿಯೂ ಇತ್ತು. ಹೊರಗೆ ತಾಮ್ರದ ತೊಗಲು, ಒಳಗೆ ಉಕ್ಕು. ಎರಡರ ಸುರುಳಿಗಳೂ ಅವಳಿಜವಳಿ, ಬೇರೆ ಮಾಡುವುದು ಕಟ್ಟಿದ ಚೀಟಿ ಮಾತ್ರ. ಸಿಗ್ನಲ್ ಎಂಬುದು ತಂತಿಯ ಮೈಮೇಲೆ ಓಡುವ ವಸ್ತು, ಒಳಗೆ ಏನಿದೆ ಎಂದು ಇಣುಕುವುದಿಲ್ಲ. ಅವನ ಬೆಂಚಿನಲ್ಲಿ ನಡೆಯುವುದು ಸಿಗ್ನಲ್ ಪರೀಕ್ಷೆಯೊಂದೇ. ಹಾಗಾಗಿ ಸುಳ್ಳು ತಂತಿ ಅಲ್ಲಿ ಪಾಸಾಗುತ್ತದೆ, ಅವನು ಸುಳ್ಳು ಬರೆಯಬೇಕಾಗಿಯೂ ಇಲ್ಲ.

ಆಚೆ ದೇಶದಲ್ಲಿ ಅದನ್ನು ಬಂದರಿನ ಕ್ಯಾಮೆರಾಗಳಿಗೆ ಎಳೆಯುತ್ತಾರೆ. ಚಿತ್ರವೂ ಕರೆಂಟೂ ಒಂದೇ ತಂತಿಯಲ್ಲಿ ಹೋಗಬೇಕು. ಕರೆಂಟಿಗೆ ಬರಿ ತೊಗಲು ಸಾಲದು. ಉಕ್ಕಿನಲ್ಲಿ ಅರ್ಧ ದಾರಿಗೇ ಸೊರಗಿ, ದೂರದ ಕ್ಯಾಮೆರಾಗಳು ಕಣ್ಣೇ ತೆರೆಯುವುದಿಲ್ಲ. ಆಗ ಒಂದು ತುಂಡು ಕತ್ತರಿಸಿ ನೋಡುತ್ತಾರೆ. ತಾಮ್ರದ ನಡುವೆ ಬೆಳ್ಳಗಿನ ಚುಕ್ಕೆ ಕಾಣುತ್ತದೆ. ತಂತಿ ಕಾರ್ಖಾನೆಯೊಳಗೆ ಬರುವಾಗ ನೋಡಿ ಸಹಿ ಹಾಕುವವನು ತಮ್ಮ, ಮೊದಲಿನಿಂದಲೂ ಅದೇ ಪದ್ಧತಿ. ತಾಮ್ರ ನುಂಗಿದ ಮಾಲೀಕ ಎಂದು ಜಗತ್ತೆಲ್ಲ ಅವನ ಮುಖಕ್ಕೆ ಉಗಿಯುತ್ತದೆ. ಹಳೇ ಕೆಲಸದವರನ್ನು ಯಾರು ಕೇಳುತ್ತಾರೆ?

ಮಧ್ಯಾಹ್ನ ಎಲ್ಲರೂ ಕೈ ತೊಳೆಯಲು ಹೋದ ಹೊತ್ತಿನಲ್ಲಿ ಚೀಟಿಗಳು ಅದಲುಬದಲಾದವು. ಕೇಬಲಿನ ತುದಿ ಕತ್ತರಿಸುವವನೂ ಅದಕ್ಕೆ ರಬ್ಬರಿನ ಟೊಪ್ಪಿ ಹಾಕಿ ಮುಚ್ಚುವವನೂ ಅವನೇ ಆದ್ದರಿಂದ ಬಿಳಿ ಚುಕ್ಕೆ ಬೇರೆಯವರ ಕಣ್ಣಿಗೆ ಬೀಳಲಿಲ್ಲ. ಒಂದೊಂದೇ ಡ್ರಮ್ಮು ಬೆಂಚಿಗೆ ಬಂತು, ಪಾಸಾಯಿತು, ಸುತ್ತಲೂ ಹಲಗೆ ಹೊಡೆಸಿಕೊಂಡು ಹೋಯಿತು.

ಇಪ್ಪತ್ತೆರಡನೆಯದಕ್ಕೆ ಕೈ ಹಾಕಿದ್ದಾಗ ತಮ್ಮ ಬಂದ.

"ಅಣ್ಣಾ, ಊಟ ಆಯ್ತಾ?"

"ಕೆಲಸದವರ ಊಟ ಒಂದು ಗಂಟೆಗೇ ಆಗುತ್ತೆ, ಸಾರ್."

ತಮ್ಮನ ಮುಖ ಸಪ್ಪಗಾಯಿತು. ಏನೋ ಹೇಳಲು ಬಾಯಿ ತೆರೆದವನು, ಸುತ್ತ ನೋಡಿ, "ಸ್ವಲ್ಪ ದಿನ ತಡ್ಕೋ" ಎಂದಷ್ಟೇ ಹೇಳಿ ಹೋದ. ಆ ಕ್ಷಣ ಅಣ್ಣನಿಗೆ ಹಿಂದೆ ಓಡಿಹೋಗಿ ಅವನ ತೋಳು ಹಿಡಿದು ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಅವನು ಇನ್ನೊಂದು ಸಲ ಅಣ್ಣಾ ಎಂದಿದ್ದರೆ ಹೇಳಿಯೇ ಬಿಡುತ್ತಿದ್ದ. ಅನ್ನಲಿಲ್ಲ. ಇಪ್ಪತ್ತೆರಡನೆಯ ತುದಿಗೂ ಟೊಪ್ಪಿ ಬಿತ್ತು.

ಹಡಗು ಹೊರಟ ದಿನ ಅವನು ಬೆಂಚು ಒರೆಸಿ, ಕತ್ತರಿಗೆ ಎಣ್ಣೆ ಹಾಕಿ ಕೂತ. ಗೆದ್ದವನಿಗೆ ಖುಷಿಯಾಗಬೇಕಿತ್ತು. ಯಾಕೋ ಮೈಯೆಲ್ಲ ಖಾಲಿಯಾದಂತಿತ್ತು. ಅಷ್ಟರಲ್ಲಿ ತಮ್ಮ ಕೈಯಲ್ಲೊಂದು ಕರಿ ಸುರುಳಿ ಹಿಡಿದು ಬಂದು, ಸ್ಟೂಲು ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ.

"ಹಡಗು ಹೊರಟಿತಂತೆ ಅಣ್ಣಾ, ಇನ್ನು ಹೇಳಬಹುದು. ಅವತ್ತು ನಿನ್ನನ್ನ ಕೆಲಸದವರು ಅಂದೆನಲ್ಲ, ಆಮೇಲೆ ನಾಲಿಗೆ ಕಿತ್ಕೊಳ್ಳೋಣ ಅನ್ನಿಸ್ತು. ಅವರದೊಂದು ಷರತ್ತಿತ್ತು. ಮಾಲಿನ ಹೊಣೆ ಒಬ್ಬನೇ ಹೊರಬೇಕು, ಒಳಗಿನ ತಂತಿಯಿಂದ ಮೇಲಿನ ಪ್ಲಾಸ್ಟಿಕ್ ಸಿಪ್ಪೆವರೆಗೂ ಅವನೇ ಜವಾಬ್ದಾರ. ಅವನು ಮಾಲೀಕನ ಸಂಬಂಧಿಕ ಆಗಿರಬಾರದು. ಅಣ್ಣ ಅಂದಿದ್ರೆ ಇನ್ಯಾರನ್ನೋ ಹಾಕಬೇಕಾಗ್ತಿತ್ತು. ಎರಡು ಬೆರಳು ಕೊಟ್ಟೋನು ನೀನು, ಆ ಜಾಗಕ್ಕೆ ಇನ್ನೊಬ್ಬರು ನನಗೆ ಬೇಡವಾಗಿತ್ತು. ಸಿಪ್ಪೆ ಮೇಲೆ ಅಚ್ಚು ಹಾಕೋನಿಗೂ ಬಾಯಿ ಬಿಡಬೇಡ ಅಂದಿದ್ದೆ."

ಕರಿ ಸುರುಳಿಯನ್ನು ಅಣ್ಣನ ಕೈಗಿಟ್ಟ. ಅದು ಅಚ್ಚು ಸರಿಯಿದೆಯೇ ಎಂದು ನೋಡಲು ಮೊದಲು ಎಳೆದ ಬರಿ ಸಿಪ್ಪೆ, ಒಳಗೆ ತಂತಿಯಿರಲಿಲ್ಲ. ಸಿಪ್ಪೆಯ ಮೇಲಿನ ಅಕ್ಷರ ಇರುವುದು ಕೊಳ್ಳುವವರು ಓದಲಿಕ್ಕೆ, ಕೇಬಲ್ ಮಾಡುವವರು ಯಾರೂ ಅದನ್ನು ಓದುವುದಿಲ್ಲ. ನಲವತ್ತು ಡ್ರಮ್ಮೂ ಅಣ್ಣನ ಕೈಕೆಳಗೇ ಹಾದುಹೋಗಿದ್ದವು. ಒಂದೊಂದರ ಕತ್ತರಿಸಿದ ತುದಿಯನ್ನೂ ನೋಡಿದ್ದ, ಮೈಯನ್ನು ನೋಡಿರಲಿಲ್ಲ. ಅವನು ಕನ್ನಡಕ ಹಾಕಿಕೊಂಡ. ಪರೀಕ್ಷಿಸಿ ಹೊಣೆ ಹೊತ್ತವರು ಎಂದಿತ್ತು. ಅದರ ಮುಂದೆ ಸಣ್ಣ ಬಿಳಿ ಅಕ್ಷರಗಳಲ್ಲಿ, ಅಪ್ಪ ಇಟ್ಟಿದ್ದ ಅವನ ಪೂರ್ತಿ ಹೆಸರಿತ್ತು. ಒಂದು ಮೀಟರ್ ಬಿಟ್ಟು ಮತ್ತೆ ಅದೇ ಹೆಸರು. ಡ್ರಮ್ಮಿಗೆ ಮುನ್ನೂರರಂತೆ ಹನ್ನೆರಡು ಸಾವಿರ ಸಲ ಅದು ಸಮುದ್ರದ ಮೇಲೆ ಹೋಗುತ್ತಿತ್ತು. ಅಣ್ಣ ಆ ಹೆಸರನ್ನು ಹೆಬ್ಬೆರಳಿನಿಂದ ಉಜ್ಜುವುದನ್ನು ಕಂಡು ತಮ್ಮ ತನ್ನ ಕಣ್ಣೊರೆಸಿಕೊಂಡ. "ಗಟ್ಟಿಯಾಗಿ ಓದು ಅಣ್ಣಾ," ಅಂದ, "ನಿನ್ನ ಬಾಯಲ್ಲೇ ಒಂದ್ಸಲ ಕೇಳ್ಬೇಕು."