ಸುರುಳಿ ಹಲ್ಲಿನ ಕಲ್ಲು

ಗಾಜಿನ ಪೆಟ್ಟಿಗೆಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗಿದ್ದ ಕಲ್ಲು ಮಾತ್ರ ಇರಲಿಲ್ಲ.

ಬೀಗದ ಕೈ ಇದ್ದದ್ದು ಇಬ್ಬರ ಬಳಿ — ಸಂಗ್ರಹಾಲಯದ ನಿರ್ದೇಶಕರು, ಮತ್ತು ಕಸ ಗುಡಿಸುವ ಹೆಂಗಸು. ಇಬ್ಬರಲ್ಲಿ ಕಳ್ಳರು ಯಾರೆಂದು ತೀರ್ಮಾನಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಪೊಲೀಸ್ ಅಧಿಕಾರಿ ಬರುವಷ್ಟರಲ್ಲಿ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಚೀಲವನ್ನು ನೆಲಕ್ಕೆ ಸುರಿದಾಗಿತ್ತು. ಒಂದು ಬಾಚಣಿಗೆ, ಊಟದ ಡಬ್ಬಿ, ಮಗಳ ಶಾಲೆಯ ಚೀಟಿ, ಒರೆಸುವ ಕೆಂಪು ಬಟ್ಟೆ.

ಮಹಡಿಯಿಂದ ಇಳಿದು ಬಂದ ಮುದುಕಿ ಅದನ್ನು ಕಂಡು ಮೆಟ್ಟಿಲ ಮೇಲೇ ನಿಂತಳು. ಮೂವತ್ತು ವರ್ಷದಿಂದ ಸೂಜಿ, ಕುಂಚ ಹಿಡಿದು ಕಲ್ಲಿನೊಳಗಿಂದ ಹಳೆಯ ಮೀನುಗಳ ಹಲ್ಲು ಬಿಡಿಸುವುದೇ ಅವಳ ಕಸುಬು; ಎಲ್ಲರ ಬಾಯಲ್ಲೂ ಅವಳು ಹಲ್ಲಜ್ಜಿ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಆ ಚೀಲ ಸುರಿದಿದ್ದು ಯಾರು?"

"ನಾನೇ," ಎಂದರು ನಿರ್ದೇಶಕರು. "ನಿನ್ನೆ ಸಂಜೆ ಕಲ್ಲು ಇತ್ತು, ಕಣ್ಣಾರೆ ನೋಡಿದೀನಿ. ಬೆಳಿಗ್ಗೆ ಮೊದಲು ಬಂದೋಳು ಇವಳು. ಇವತ್ತೇ ಹೊರಗಿನ ತಜ್ಞರು ಅಳತೆ ತಗೊಳ್ಳೋಕೆ ಬರ್ತಿದಾರೆ. ನಮ್ಮ ಮಾನ ಹೋಯ್ತಲ್ರೀ!"

"ಅದನ್ನ ಎತ್ತೋಕೆ ಎರಡು ಕೈ ಬೇಕು. ಊಟದ ಡಬ್ಬೀಲಿ ಹುಡುಕಿದ್ರಾ ಸಾರ್?"

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. "ಏನಜ್ಜಿ ಆ ಕಲ್ಲು?"

"ಶಾರ್ಕಿನ ದೂರದ ನೆಂಟನ ಗುರುತು ಸ್ವಾಮಿ. ಕೋಟ್ಯಂತರ ವರ್ಷದ ಹಿಂದೇನೇ ನಿರ್ವಂಶ ಆದ ಮೀನು. ಮೈಯೆಲ್ಲ ಮೆದು ಮೂಳೆ, ನಮ್ಮ ಕಿವಿ ಇದೆಯಲ್ಲ, ಹಾಗೆ, ಕೊಳೆತು ಹೋಗುತ್ತೆ. ಕೆಳದವಡೇಲಿ ಮಾತ್ರ ಗರಗಸದ ಚಕ್ರದ ಹಾಗೆ ಸುರುಳಿ ಹಲ್ಲು."

"ಸರಿ. ಇವಳನ್ನ ಜೀಪು ಹತ್ತಿಸಿ," ಎಂದು ಅಧಿಕಾರಿ ಪೇದೆಗೆ ಹೇಳಿದ.

ಹಲ್ಲಜ್ಜಿ ಅಡ್ಡ ಬಂದಳು. "ಎಲ್ಲರೂ ಇವಳ ಚೀಲ ನೋಡಿದ್ರಿ. ಇವಳನ್ನ ಒಂದು ಮಾತು ಕೇಳಿದ್ರಾ? ಈ ಕಡೆ ತಿರುಗು ತಾಯಿ. ಆ ಕಲ್ಲು ನೀನೇ ತಾನೇ ಒರೆಸ್ತಿದ್ದೋಳು?"

"ಹೂಂ ಅಜ್ಜಿ. ಸೇರಿ ನಾಲ್ಕು ತಿಂಗಳು. ಪ್ರತಿ ಸೋಮವಾರ ಒರೆಸಿದೀನಿ."

"ಕಷ್ಟ ಆಗ್ತಿತ್ತಾ?"

"ಅಯ್ಯೋ, ಆ ಹಲ್ಲಿನ ತುದಿಗಳದ್ದೇ ಕಾಟ! ಬಟ್ಟೆ ಸಿಕ್ಕಿಹಾಕ್ಕೊಂಡು ದಾರ ಕಿತ್ತು ಬರ್ತಿತ್ತು."

"ತುದಿ ಮೇಲಕ್ಕೆ ಎದ್ದಿದ್ವು ಅಂತೀಯಾ?"

"ಮತ್ತೆ? ಹಲ್ಲು ಅಂದ್ಮೇಲೆ ಏಳದೆ ಇರುತ್ತಾ?"

ನಿರ್ದೇಶಕರು ಗಡಿಯಾರ ನೋಡಿಕೊಂಡರು. ಹಲ್ಲಜ್ಜಿ ನೋಡಿದ್ದು ಅವರ ಮುಖವನ್ನು.

"ಸ್ವಾಮಿ, ನಮ್ಮ ಕಲ್ಲಿನಲ್ಲಿ ಹಲ್ಲೇ ಇರಲಿಲ್ಲ! ಅದೂ ಕರಗಿಹೋಗಿ ಬರೀ ಅಚ್ಚು ಉಳಿದಿತ್ತು — ಹಸಿ ಸಿಮೆಂಟಿನ ಮೇಲೆ ಹೆಜ್ಜೆ ಬಿದ್ದ ಹಾಗೆ, ಗುಳಿ. ಗುಳೀಲಿ ಎಲ್ಲಿಯ ತುದಿ? ಗಾಜಿನಾಚೆ, ಓರೆ ದೀಪದಲ್ಲಿ ಗುಳಿಯೂ ಉಬ್ಬಿದ ಹಾಗೇ ಕಾಣುತ್ತೆ. ದಿನಾ ಮುಂದೆ ಓಡಾಡಿ ನಾನೂ ಮೋಸ ಹೋದೆ. ಮೋಸ ಹೋಗದೆ ಇದ್ದಿದ್ದು ಇವಳ ಕೈಯೊಂದೇ."

"ಹಾಗಾದ್ರೆ ಪೆಟ್ಟಿಗೇಲಿ ಇದ್ದಿದ್ದು?"

"ಆ ಗುಳಿಗೆ ಪ್ಲಾಸ್ಟರ್ ಸುರಿದು ತೆಗೆದ ಎರಕ. ಹೋದ ವರ್ಷ ನಾನೇ ಮಾಡಿ, ಕಲ್ಲಿನ ಬಣ್ಣ ಬಳಿದು ಕೊಟ್ಟೆ. ಒಂದೇ ಒಂದು. ಶಾಲಾ ಮಕ್ಕಳಿಗೆ ತೋರಿಸೋಕೆ ಅಂತ ಇಸ್ಕೊಂಡವರು ಈ ನಿರ್ದೇಶಕರೇ! ಅಸಲು ಕಲ್ಲನ್ನ ಇವಳು ಸೇರೋ ಮುಂಚೇನೇ ಸಾಗಿಸಿ, ಆ ಜಾಗದಲ್ಲಿ ಎರಕ ಇಟ್ಟಿದಾರೆ. ತಜ್ಞರು ಇವತ್ತು ಮುಟ್ಟಿದ್ರೆ ಗುಟ್ಟು ರಟ್ಟು. ಅದಕ್ಕೇ ಎರಕಾನೂ ಮಾಯ ಮಾಡಿ, ಬಡವಳ ತಲೆಗೆ ಕಟ್ಟಿದ್ರು."

"ಸುಳ್ಳು! ಆ ಎರಕ ಶಾಲೆಗೆ ಕೊಟ್ಟು ವರ್ಷ ಆಯ್ತು!"

"ನಿಮ್ಮ ಕೋಣೆಯ ಕಪಾಟು ತೆಗೀರಿ ಸಾರ್. ಒಡೆದು ಹಾಕೋಕೆ ಧೈರ್ಯ ಬಂದಿರಲ್ಲ. ಬಿಳಿ ಪುಡಿ ಗುಡಿಸೋಕೂ ಇವಳೇ ಬೇಕಿತ್ತಲ್ಲ?"

ಎರಕ ಕೆಳಗಿನ ಖಾನೆಯಲ್ಲೇ ಇತ್ತು, ಹಳೆಯ ಪತ್ರಿಕೆಯಲ್ಲಿ ಸುತ್ತಿ. ಎರಡು ಹಲ್ಲುಗಳ ನಡುವೆ ಒಂದು ಕೆಂಪು ದಾರ.

ಅಧಿಕಾರಿ ಮುಜುಗರದಿಂದ ಬಗ್ಗಿ, ನೆಲದ ಮೇಲಿನ ಡಬ್ಬಿಗೆ ಕೈ ಚಾಚಿದ.

"ಬೇಡ ಸಾರ್," ಎಂದಳು ಕಸ ಗುಡಿಸುವವಳು. "ಸುರಿದವರೇ ತುಂಬಲಿ."