ಮೇವಿಸಳ ಕೂದಲಿನ ಗಂಟು

"ಥ್ಯಾಂಕ್ಸ್ ಅಂತ ಮಾತ್ರ ಅನ್ಬೇಡಪ್ಪ. ಅಂದ್ರೆ ನಿನ್ನ ಹೆಂಡ್ತಿಯಿಂದ ತೆಗೆದದ್ದೆಲ್ಲ ನಿನ್ನ ಮೈಮೇಲೇ ಬರುತ್ತೆ," ಎಂದಳು ಮಂತ್ರ ಹಾಕುವ ಟ್ರಿಫೀನಾ ಮುದುಕಿ, ಗ್ರಾಂಟ್‌ಗೆ.

ನ್ಯೂಫೌಂಡ್‌ಲ್ಯಾಂಡಿನ ನಮ್ಮ ಕೊಲ್ಲಿಯಲ್ಲಿ ಮಂತ್ರ ಹಾಕುವವರಿಗೆ ಥ್ಯಾಂಕ್ಸ್ ಹೇಳಬಾರದೆಂದು ತೊಟ್ಟಿಲ ಕೂಸಿಗೂ ಗೊತ್ತು. ಆದರೆ ಗ್ರಾಂಟ್ ಟೊರಾಂಟೊದವನು, ಊರಿನ ಅಳಿಯ. ಓದಿದವನೆಂಬ ಜಂಬ ಬೇರೆ.

ಅವನ ಹೆಂಡತಿ ಮೇವಿಸ್ ಬೆಳಗ್ಗೆ 'ನೀನೇ ನನ್ನ ಜೀವ' ಎಂದು ಅಪ್ಪಿಕೊಳ್ಳುವಳು. ಚಹಾ ಆರುವುದರೊಳಗೆ 'ನನ್ನ ಬಿಟ್ಟು ಹೋಗ್ತೀಯ, ಗೊತ್ತು ಕಣೋ' ಎಂದು ತಟ್ಟೆ ಒಡೆಯುವಳು. ಆಮೇಲೆ ಕಾಲು ಹಿಡಿದು ಅಳುವಳು. ಇದು ವ್ಯಕ್ತಿತ್ವದ ಕಾಯಿಲೆ, ವರ್ಷಗಟ್ಟಲೆ ಕೂರಿಸಿ ಮಾತಾಡಿಸಬೇಕು ಎಂದಿದ್ದರು ಡಾಕ್ಟರು. ಒಂಬತ್ತು ವರ್ಷಕ್ಕೇ ಗ್ರಾಂಟ್‌ಗೆ ಸಾಕುಸಾಕಾಗಿತ್ತು. ಅವಳಿಗೆ ಹೇಳದೆ ಅವಳ ಬಾಚಣಿಗೆಯ ಕೂದಲು ಕದ್ದು ತಂದಿದ್ದ.

ಮುದುಕಿ ಗೊಣಗುತ್ತ ಕೂದಲಿಗೆ ಗಂಟು ಹಾಕಿ ಒಲೆಗೆಸೆದಳು. ಸುಟ್ಟ ಕಮಟು ಉಪ್ಪುಮೀನಿನ ವಾಸನೆಯೊಂದಿಗೆ ಬೆರೆತು ಗಂಟಲು ಹಿಡಿಯಿತು. ಹೊರಗೆ ಮಂಜು, ನಡುಹಗಲಲ್ಲೂ ಮಬ್ಬುಗತ್ತಲೆ. ಹಡಗುಗಳನ್ನು ಎಚ್ಚರಿಸುವ ದೀಪಸ್ತಂಭದ ಕಹಳೆ ಒಂದೇ ಸಮನೆ ಊಳಿಡುತ್ತಿತ್ತು.

"ಥ್ಯಾಂಕ್ಸ್ ಕಣಜ್ಜಿ, ತುಂಬಾ ಥ್ಯಾಂಕ್ಸ್!" ಎಂದು ಬೇಕೆಂದೇ ಹೇಳಿ ನಕ್ಕ, ಪಾಪಿ.

ಮುದುಕಿಯ ಮುಖ ಬಿಳಿಚಿತು. "ಹಾಳಾಗಿ ಹೋದೆಯಲ್ಲೋ!"

ಅವನು ಮನೆಗೆ ಬಂದಾಗ ಮೇವಿಸ್ ಬ್ರೆಡ್ಡಿಗೆ ಕಾಕಂಬಿ ಸವರುತ್ತಿದ್ದಳು. "ತಲೆಯೊಳಗಿನ ಗದ್ದಲ ನಿಂತೋಯ್ತು ಕಣೋ," ಎಂದು ಮೆಲ್ಲಗೆ ನಕ್ಕಳು. ಆ ನಗು ಅವನ ಎದೆಯನ್ನು ಇರಿಯಿತು. ಯಾಕೆ ನಗುತ್ತಾಳೆ? ಬಿಟ್ಟು ಹೋಗುತ್ತಾಳೆ. ಖಂಡಿತ ಹೋಗುತ್ತಾಳೆ. ಚರ್ಮ ಸುಲಿದಂತೆ ಮೈಯೆಲ್ಲ ಉರಿ. ತಟ್ಟೆ ಎತ್ತಿದ. ಒಡೆದ. ಇನ್ನೊಂದು. ಮತ್ತೊಂದು. ಮರುಕ್ಷಣ ಅವಳ ಕಾಲು ಹಿಡಿದ. "ಹೋಗ್ಬೇಡ ಮೇವಿಸ್, ಸತ್ತೋಗ್ತೀನಿ!"

ಅಷ್ಟರಲ್ಲಿ ಟ್ರಿಫೀನಾ ಏದುಸಿರು ಬಿಡುತ್ತ ಬಂದು ನಡೆದದ್ದೆಲ್ಲ ಹೇಳಿದಳು. "ನೀನು ಹೂಂ ಅಂದ್ರೆ ಇವನಿಂದ ಈಗಲೇ ಬಿಡಿಸ್ತೀನಿ ಮಗಳೇ. ಆದ್ರೆ ಅದು ನಿನಗೇ ವಾಪಸ್ ಬರುತ್ತೆ. ಸಂಜೆಯಾಯ್ತೋ, ಆಮೇಲೆ ನನ್ನ ಕೈಲೂ ಆಗಲ್ಲ. ಸಾಯೋವರೆಗೂ ಇವನದೇ."

ಮೇವಿಸ್ ಗಂಡನನ್ನು ನೋಡಿದಳು. ಒಡೆದ ಚೂರುಗಳ ಮೇಲೆ ಮೊಣಕಾಲೂರಿ ಗೋಗರೆಯುತ್ತಿದ್ದ, ಮೊಣಕಾಲಲ್ಲಿ ರಕ್ತ. ಅಯ್ಯೋ ಅನ್ನಿಸಿತು ಅವಳಿಗೆ. ಒಳಗೆ ಏನೇನು ಉರಿಯುತ್ತಿದೆಯೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಒಂಬತ್ತು ವರ್ಷ ಇವನು ಹೊರಗೆ ನಿಂತು ನೋಡ್ದ ಅಜ್ಜಿ. ಒಳಗೆ ಬೇಯ್ತಿದ್ದೋಳು ನಾನು," ಎಂದಳು. "ಇವನ ಹತ್ರಾನೇ ಇರ್ಲಿ ಬಿಡು."

ಕಾಲು ಬಿಡಿಸಿಕೊಂಡು, ಅಜ್ಜಿಗೆ ಕುರ್ಚಿ ಎಳೆದು ಚಹಾ ಬಗ್ಗಿಸಿದಳು.