ದರ್ಜಿಯಮ್ಮನ ಮನೆಯ ನೀಲಿ ಮೀನುಗಳು

ದರ್ಜಿಯಮ್ಮ ಒಳಗೆ ಬಂದವರೇ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ಒಳಗೆ, ಒದ್ದೆ ಬಟ್ಟೆಯ ಮೇಲೆ, ಬೆರಳುದ್ದದ ನೀಲಿ ಮೀನೊಂದು ಹೊಟ್ಟೆ ಉಬ್ಬಿ ಸತ್ತು ಬಿದ್ದಿತ್ತು.

"ಇದು ಕೊಲೆ," ಅಂದರು. "ನನ್ನ ಸೊಸೆಯೇ ಕೊಲ್ತಿರೋದು. ನೀವು ಕಂಡುಹಿಡಿದು ಅವಳ ಮುಖಕ್ಕೇ ಹೇಳ್ಬೇಕು."

ಡಾಕ್ಟರು ಟೀ ಲೋಟ ಕೆಳಗಿಟ್ಟು ತಮ್ಮ ಗೆಳತಿಯ ಕಡೆ ನೋಡಿದರು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಆಕೆಯನ್ನು ಆ ಕಟ್ಟಡದವರೆಲ್ಲ ಭೂತಗನ್ನಡಿ ಎಂದು ಕರೆಯುತ್ತಿದ್ದರು. ಬೆನ್ನ ಹಿಂದಲ್ಲ, ಎದುರಿಗೇ. ಆಕೆಗೂ ಅದರಿಂದ ಬೇಸರವಿರಲಿಲ್ಲ. ಕಾಣೆಯಾದ ಸೈಕಲ್ಲು, ಯಾರೋ ಒಡೆದ ಕಿಟಕಿ, ಹೆಸರಿಲ್ಲದ ಬೆದರಿಕೆ, ಎಲ್ಲವೂ ಮೇಲಿನ ಮಹಡಿಯ ಆಕೆಯ ಬಾಗಿಲಿಗೇ ಬರುತ್ತಿದ್ದವು. ಎದುರು ಮನೆಯ ಡಾಕ್ಟರು ಎಲ್ಲದಕ್ಕೂ ಜೊತೆ. ಆಕೆ ಯೋಚಿಸುವಾಗ ಟೀ ಆರದಂತೆ ನೋಡಿಕೊಳ್ಳುವುದೇ ತಮ್ಮ ಕೆಲಸ ಎಂದು ಅವರು ನಗಾಡುತ್ತಿದ್ದರು.

ಆ ದಿನ ಮಾತ್ರ ಅವರಿಗೆ ನಗು ಬರಲಿಲ್ಲ. ದರ್ಜಿಯಮ್ಮನ ಹಿರಿಮಗ ಅವರ ರೋಗಿಯಾಗಿದ್ದ. ಆಸ್ಪತ್ರೆಯಲ್ಲಿ ಅವನು ಸತ್ತಾಗ ಕಣ್ಣು ಮುಚ್ಚಿದ್ದು ಡಾಕ್ಟರದೇ ಕೈ. ಅವನು ಗಾಜು ಕತ್ತರಿಸುವ ಕೆಲಸದವನು. ತಾನೇ ಗಾಜು ಕೂಡಿಸಿ ಗೋಡೆಯುದ್ದದ ತೊಟ್ಟಿ ಕಟ್ಟಿ, ಅದರಲ್ಲಿ ಆಫ್ರಿಕಾದ ಯಾವುದೋ ದೊಡ್ಡ ಸರೋವರದ ಸಿಕ್ಲಿಡ್ ಮೀನುಗಳನ್ನು ಮಕ್ಕಳಂತೆ ಸಾಕಿದ್ದ. ಮಕ್ಕಳಿರಲಿಲ್ಲ. ಅವನು ಬಿಟ್ಟುಹೋದದ್ದು ಹೆಂಡತಿಯನ್ನು ಮತ್ತು ಆ ಮೀನುಗಳನ್ನು.

"ಸೊಸೆ ಮೇಲೇ ಯಾಕೆ ಅನುಮಾನ?" ಭೂತಗನ್ನಡಿ ಕೇಳಿದರು.

"ನೀರಿಗೆ ಬಿಳಿ ಪುಡಿ ಸುರಿಯೋದನ್ನ ನಾನೇ ನೋಡಿದೀನಿ. ಕೇಳಿದ್ರೆ ಬಾಯಿ ಬಿಡಲ್ಲ. ಊಟಾನೂ ಅಷ್ಟೆ, ಚಿಟಿಕೆ ಹಸಿರು ಕಾಳು ಉದುರಿಸಿ ಕೈ ತೊಳ್ಕೋತಾಳೆ. ಮೀನು ಹೋದ್ರೆ ಈ ಮನೆ ಋಣಾನೂ ಹರೀತು ನೋಡಿ. ಪೆಟ್ಟಿಗೆ ಆಗಲೇ ಕಟ್ಟಿಟ್ಕೊಂಡಿದಾಳೆ." ದರ್ಜಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಭಾನುವಾರದೊಳಗೆ ಹೊರಡು ಅಂತ ನಾನೂ ಹೇಳಿಬಿಟ್ಟೆ."

ಸಂಜೆ ಇಬ್ಬರೂ ಕೆಳಗಿಳಿದು ದರ್ಜಿಯಮ್ಮನ ಮನೆಗೆ ಹೋದರು. ಕೋಣೆಯಲ್ಲಿ ಹೊಲಿಗೆ ಯಂತ್ರ, ಕತ್ತರಿಸಿಟ್ಟ ಬಟ್ಟೆಯ ರಾಶಿ, ಅವುಗಳ ಹಿಂದೆ ತೊಟ್ಟಿ. ಅದರೊಳಗೆ ಹಿರಿಮಗ ಕಲ್ಲಿನ ಮೇಲೆ ಕಲ್ಲು ಪೇರಿಸಿ ಸಂದು ಗವಿಗಳನ್ನು ಮಾಡಿದ್ದ. ನೀಲಿ ಮೀನುಗಳಲ್ಲಿ ಕೆಲವೇ ಉಳಿದಿದ್ದವು. ಅದರಲ್ಲೊಂದು ತಳದಲ್ಲಿ ಸಪ್ಪಗೆ ಕೂತು, ಹಿಂದೆ ಬಿಳಿ ದಾರದಂಥ ಹಿಕ್ಕೆಯನ್ನು ಎಳೆಯುತ್ತಿತ್ತು. ಅವುಗಳ ಮಧ್ಯೆ, ಗಾತ್ರದಲ್ಲಿ ಅವಕ್ಕಿಂತ ಎರಡು ಪಟ್ಟು ದೊಡ್ಡ, ಮೈತುಂಬ ಕಂದು ಮಚ್ಚೆಯ ಮೀನೊಂದು ಗತ್ತಿನಿಂದ ಓಡಾಡುತ್ತಿತ್ತು.

"ಇದ್ಯಾರಪ್ಪ, ಈ ಮನೆ ಯಜಮಾನ?" ಎಂದರು ಡಾಕ್ಟರು.

"ನಾನು ತಂದದ್ದು," ಎಂದ ದರ್ಜಿಯಮ್ಮನ ಕಿರಿಮಗ. ಸಾಮಾನು ಸಾಗಿಸುವ ವ್ಯಾನಿನ ಚಾಲಕ. ಯೂನಿಫಾರ್ಮಿನಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. "ಅಣ್ಣ ಹೋದ್ಮೇಲೆ ಅಮ್ಮನ ಮುಖ ನೋಡೋಕಾಗ್ತಿರ್ಲಿಲ್ಲ. ಒಂದು ಹೊಸ ಮೀನಾದ್ರೂ ಬರ್ಲಿ ಅಂತ. ಇದೂ ಅದೇ ಸರೋವರದ್ದು, ಹೊಂದ್ಕೊಳ್ಳುತ್ತೆ ಅಂದ ಅಂಗಡಿಯವನು. ಇದಕ್ಕೇನೂ ಆಗಿಲ್ಲ, ಗುಂಡುಗುಂಡಗಿದೆ."

ಅಷ್ಟರಲ್ಲಿ ಸೊಸೆ ಬಂದಳು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು; ಉಗುರ ಸಂದಿಯಲ್ಲಿ ಇನ್ನೂ ಬಿಳಿ ಧೂಳಿತ್ತು. ಭೂತಗನ್ನಡಿ ಬಿಳಿ ಪುಡಿಯ ಡಬ್ಬ ಕೇಳಿದಾಗ ತಕರಾರಿಲ್ಲದೆ ತಂದುಕೊಟ್ಟಳು. ಏನಿದು ಎಂದು ಕೇಳಿದ್ದಕ್ಕೆ, "ಉಪ್ಪು," ಎಂದಷ್ಟೇ ಹೇಳಿ, ತೊಟ್ಟಿಯ ಎಡತುದಿಗೆ ಹೋಗಿ ಮುಚ್ಚಳ ಎತ್ತಿ ಹಸಿರು ಗುಳಿಗೆ ಉದುರಿಸಿದಳು. ಮೀನುಗಳು ನಿಧಾನವಾಗಿ ಬಂದವು. ಆಗ ದರ್ಜಿಯಮ್ಮ ಟೇಪು ಹುಡುಕಿಕೊಂಡು ತೊಟ್ಟಿಯ ಬಲಮೂಲೆಯ ಕುರ್ಚಿಯ ಬಳಿ ಹೋದರು. ಗುಳಿಗೆಯನ್ನು ಅಲ್ಲೇ ಬಿಟ್ಟು ಮೀನುಗಳೆಲ್ಲ ಬಲಮೂಲೆಗೆ ನುಗ್ಗಿ, ಗಾಜಿಗೆ ಬಾಯಿ ಹಚ್ಚಿ ಬಡಿದಾಡತೊಡಗಿದವು.

ನೀರು ಶೋಧಿಸುವ ಯಂತ್ರದ ಸ್ಪಂಜು ತೆಗೆದು ನೋಡಬಹುದೇ ಎಂದು ಭೂತಗನ್ನಡಿ ಕೇಳಿದರು. ಸೊಸೆ ಅರೆಗಳಿಗೆ ತಡೆದು, "ದಿನಾ ತೊಳೀತೀನಿ, ನಿನ್ನೇನೂ ತೊಳೆದೆ," ಎಂದಳು. ಆದರೂ ಸ್ಪಂಜು ಹಿಂಡಿದಾಗ ಬೆರಳಿಗೆ ಜಿಡ್ಡು ಹತ್ತಿತು.

ಮೇಲೆ ಬಂದ ಮೇಲೆ ಡಾಕ್ಟರು ಡಬ್ಬದ ಪುಡಿಯನ್ನು ನಾಲಗೆಗೆ ತಾಗಿಸಿ ಮುಖ ಕಿವುಚಿದರು. "ವಿಷ ಅಲ್ಲ. ಕಹಿ ಉಪ್ಪು. ಹೊಟ್ಟೆ ಕಟ್ಟಿದವರಿಗೆ ನಾವು ಕೊಡ್ತಿದ್ದದ್ದೇ ಇದನ್ನ."

"ಸರಿ. ಹಾಗಾದ್ರೆ ಈ ಹೊಟ್ಟೇನ ಸೀಳಿ ನೋಡಿ," ಎಂದು ಭೂತಗನ್ನಡಿ ಸತ್ತ ಮೀನನ್ನು ಮುಂದಿಟ್ಟರು.

ಡಾಕ್ಟರು ಹಳೆಯ ಬ್ಲೇಡು ಹಿಡಿದು ಕೂತರು. ಆ ಪುಟ್ಟ ಹೊಟ್ಟೆಯೊಳಗಿಂದ ಕರುಳು ಸುರುಳಿ ಸುರುಳಿಯಾಗಿ ಹೊರಬಂತು, ಮೀನಿಗಿಂತ ಎಷ್ಟೋ ಉದ್ದ. ಕೆಂಪಗೆ ಊದಿಕೊಂಡಿತ್ತು. ಒಳಗೆ ಕಂದು ಬಣ್ಣದ ಮೆತ್ತನೆಯ ಚೂರುಗಳು. ಅವನ್ನು ಗುರುತಿಸಲು ಡಾಕ್ಟರಿಗೆ ಭೂತಗನ್ನಡಿ ಬೇಕಾಗಲಿಲ್ಲ.

"ಲಿವರ್ರು," ಎಂದರು. "ಕುರಿಯದ್ದು."

ಡಾಕ್ಟರು ಬ್ಲೇಡು ಒರೆಸಿ ಪಕ್ಕಕ್ಕಿಟ್ಟರು. ಆಮೇಲೆ ಗೆಳತಿಯ ಕಡೆ ತಿರುಗಿದರು. "ಮೇಡಂ, ಇದನ್ನ ಇಲ್ಲಿಗೇ ಬಿಟ್ಟುಬಿಡೋಣ. ಏನೋ ರೋಗ ಬಂತು ಅಂದುಬಿಡೋಣ. ನಿಮಗೆ ಗೊತ್ತಿಲ್ಲ, ಆಸ್ಪತ್ರೇಲಿ ಕೊನೇ ವಾರ ಏನಾಯ್ತು ಅಂತ." ಅವರು ಅದನ್ನೂ ಹೇಳಿದರು.

"ಆ ಹುಡುಗಿ ಸುಮ್ಮನಿರೋದು ಯಾಕೆ ಅಂತ ಈಗ ಅರ್ಥ ಆಯ್ತು," ಎಂದರು ಭೂತಗನ್ನಡಿ. "ಆದ್ರೆ ಡಾಕ್ಟ್ರೇ, ನಾವೂ ಸುಮ್ಮನಿದ್ರೆ ಅವಳು ಕೊಲೆಗಾರ್ತಿ ಅನ್ನಿಸ್ಕೊಂಡು ಹೊಸಿಲು ದಾಟ್ತಾಳೆ. ಆ ತಾಯಿ ಉಳಿದ ಮೀನನ್ನೂ ಅದೇ ಕೈಯಿಂದ ಕೊಲ್ತಾರೆ. ಹೇಳೋದು ನಾನು. ಆಮೇಲಿನ ಒಂದು ಪ್ರಶ್ನೆಗೆ ಮಾತ್ರ ಉತ್ತರ ನಿಮ್ಮ ಹತ್ರ ಇದೆ. ತಯಾರಾಗಿ ಬನ್ನಿ."

ಶನಿವಾರ ಸಂಜೆ ಎಲ್ಲರೂ ತೊಟ್ಟಿಯ ಮುಂದೆ ಸೇರಿದರು. ಸೊಸೆಯ ಪೆಟ್ಟಿಗೆ ಬಾಗಿಲ ಬಳಿ ನಿಂತಿತ್ತು. ಕಿರಿಮಗ ನೆಲದ ಮೇಲೆ ಕೂತ. ದರ್ಜಿಯಮ್ಮ ಬಲಮೂಲೆಯ ಕುರ್ಚಿಯಲ್ಲಿ ಕೂತು, ನ್ಯಾಯ ಕೇಳುವವರ ಹಾಗೆ ಕೈ ಕಟ್ಟಿಕೊಂಡರು.

"ಮೊದಲನೇದು," ಎಂದು ಭೂತಗನ್ನಡಿ ಶುರುಮಾಡಿದರು, "ವಿಷ ಹಾಕಿದ್ರೆ ತೊಟ್ಟಿ ಪೂರ್ತಿ ಸಾಯ್ಬೇಕಿತ್ತು. ಸತ್ತದ್ದು ನೀಲಿ ಮೀನು ಮಾತ್ರ. ಮಚ್ಚೆ ಮೀನು ಅದೇ ನೀರು ಕುಡಿದು ದುಂಡಗಾಗಿದೆ. ಹಾಗಾದ್ರೆ ತಪ್ಪಿರೋದು ನೀರಲ್ಲಲ್ಲ, ಊಟದಲ್ಲಿ. ನೀಲಿ ಮೀನು ಬಂಡೆ ಮೇಲಿನ ಪಾಚಿ ಕೆರೆದು ತಿನ್ನೋ ಜಾತಿ. ಅದರ ಕರುಳು ಉದ್ದ. ಸೊಪ್ಪುಸದೆ ಅರಗಿಸೋಕೆ ಆಗಿರೋ ಕರುಳು. ಅದಕ್ಕೇ ನಿಮ್ಮ ಮಗ ಪಾಚಿಯಿಂದ ಮಾಡಿದ ಹಸಿರು ಗುಳಿಗೆ ಬಿಟ್ಟು ಬೇರೇನೂ ಹಾಕ್ತಿರ್ಲಿಲ್ಲ. ಮಚ್ಚೆ ಮೀನು ಮರಿಮೀನುಗಳನ್ನ ಹಿಡಿದು ತಿನ್ನೋದು. ಅದಕ್ಕೆ ಮಾಂಸ ಬೇಕು. ಒಂದೇ ಸರೋವರದವಾದ್ರೂ ಒಂದೇ ತೊಟ್ಟೀಲಿ ಇಡೋ ಹಾಗಿಲ್ಲ. ಇದಕ್ಕೆ ಹಿತವಾದದ್ದು ಅದಕ್ಕೆ ಸಾವು."

ಕಿರಿಮಗ ತಲೆ ತಗ್ಗಿಸಿದ. "ನಂಗೆ ಗೊತ್ತಿರ್ಲಿಲ್ಲ."

"ಯಾರಿಗೂ ಗೊತ್ತಿರ್ಲಿಲ್ಲ, ಒಬ್ಬಳನ್ನ ಬಿಟ್ಟು," ಎಂದು ಆಕೆ ಸೊಸೆಯ ಕಡೆ ತಿರುಗಿದರು. "ಬಿಳಿ ಪುಡಿ ಹೊಟ್ಟೆ ಉಬ್ಬರಕ್ಕೆ ಮದ್ದು. ಕೊಲ್ಲೋರು ಮದ್ದು ಹಾಕಲ್ಲ. ಇವಳಿಗೆ ಕಾಯಿಲೆ ಏನು ಅಂತ ಗೊತ್ತಿತ್ತು. ದಿನಾ ಸ್ಪಂಜು ತೊಳೀತಿದ್ಲು. ಅದರಲ್ಲಿ ಜಿಡ್ಡು, ಚೂರು ಸಿಕ್ತಿತ್ತು. ಸತ್ತ ಮೀನಿನ ಹೊಟ್ಟೇಲಿ ಡಾಕ್ಟ್ರಿಗೂ ಅದೇ ಸಿಕ್ತು. ಯಾರೋ ಹಗಲಲ್ಲಿ, ಇವಳು ಕೆಲಸಕ್ಕೆ ಹೋದಾಗ, ಕುರಿ ಲಿವರ್ ಹೆಚ್ಚಿ ಹಾಕ್ತಿದ್ರು."

ಆಕೆ ಅಲ್ಲಿಗೆ ನಿಲ್ಲಿಸಿದರು. ಮೀನುಗಳು ಬಲಮೂಲೆಯಲ್ಲಿ ಗುಂಪುಗಟ್ಟಿ, ದರ್ಜಿಯಮ್ಮನ ಭುಜದ ಪಕ್ಕದ ಗಾಜನ್ನು ಬಾಯಿಂದ ತಟ್ಟುತ್ತಿದ್ದವು. ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು.

"ಅನ್ನ ಹಾಕೋ ಕೈ ಯಾವುದು ಅಂತ ಅವಕ್ಕೆ ಚೆನ್ನಾಗಿ ಗೊತ್ತು ಅಮ್ಮಾ," ಎಂದರು ಭೂತಗನ್ನಡಿ, ದನಿ ತಗ್ಗಿಸಿ.

ದರ್ಜಿಯಮ್ಮನ ಕಟ್ಟಿದ ಕೈ ಸಡಿಲಾಯಿತು. "ಅದು ಊಟ ಅಲ್ಲ," ಎಂದರು. "ಬಾಯಿಗೊಂದಿಷ್ಟು. ದೊಡ್ಡದಕ್ಕೆ ಅಂತ ಹಾಕಿದ್ದು. ಇವೂ ಬಂದು ಬಾಯಿ ಬಾಯಿ ಬಿಡ್ತಿದ್ವು. ಅದಕ್ಕೊಂದು ಕೊಟ್ಟು ಇದಕ್ಕೆ ಹೇಗೆ ಕೊಡದೇ ಇರ್ಲಿ? ನನ್ನ ಮಗನ ಮೀನು. ಉಪವಾಸ ಬಿದ್ದಿವೆ ಅಂತ..." ಅವರು ಸೊಸೆಯ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ? ಅಷ್ಟು ಬೈಸ್ಕೊಂಡೂ?"

ಸೊಸೆ ಅತ್ತೆಯ ಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟಳು. ಉತ್ತರ ಬೇಕಾಗಲಿಲ್ಲ. ದರ್ಜಿಯಮ್ಮನ ಮುಖದಲ್ಲಿ ಅದು ತಾನಾಗಿಯೇ ಏರಿ ಬರುವುದನ್ನು ಡಾಕ್ಟರು ಕಂಡರು; ಇದೇ ಕ್ಷಣಕ್ಕೆ ಅವರು ಎರಡು ದಿನದಿಂದ ಹೆದರಿಕೊಂಡಿದ್ದರು. ಕೊನೆಯ ವಾರ, ಗಂಜಿ ಮಾತ್ರ ಎಂದು ನರ್ಸು ಹೇಳಿದ್ದರೂ, ಮಗ ಆಸೆಪಟ್ಟ ಎಂದು ಈ ತಾಯಿ ಮನೆಯಿಂದ ಮಾಂಸದ ಅಡುಗೆ ತಂದು ಕದ್ದು ತಿನ್ನಿಸಿದ್ದರು. ಅಂದು ಸಂಜೆ ಅವನು ರಕ್ತ ವಾಂತಿ ಮಾಡಿಕೊಂಡ. ಮತ್ತೆ ಏಳಲಿಲ್ಲ.

"ಡಾಕ್ಟ್ರೇ," ಎಂದರು ದರ್ಜಿಯಮ್ಮ. "ಹಾಗಾದ್ರೆ ಅವನನ್ನೂ ನಾನೇನಾ?"

ಡಾಕ್ಟರು ಎದ್ದು ಹೋಗಿ ಅವರ ಎದುರು ನೆಲದ ಮೇಲೆ ಕೂತರು. ಮಂಡಿ ಕಟಕಟ ಎಂದಿತು.

"ಇಲ್ಲ. ಸಮಾಧಾನಕ್ಕೆ ಹೇಳ್ತಿಲ್ಲ, ಕೇಳಿ. ಅವನ ಹೊಟ್ಟೇಲಿ ಗಂಟು ಬೆಳೆದು ರಕ್ತನಾಳಕ್ಕೆ ಹತ್ತಿತ್ತು. ಇವತ್ತಲ್ಲ ನಾಳೆ ಒಡೆಯುತ್ತೆ ಅಂತ ನಾನು ಸ್ಕ್ಯಾನ್ ಫೋಟೋದಲ್ಲಿ ನೋಡಿದ್ದೆ. ಗಂಜಿ ಕುಡಿದಿದ್ರೂ ಒಡೀತಿತ್ತು, ನೀರು ಕುಡಿದಿದ್ರೂ ಒಡೀತಿತ್ತು. ನೀವು ತಂದದ್ದು ನನಗೂ ಗೊತ್ತಿತ್ತು. ನಾನು ತಡೀಲಿಲ್ಲ. ತಡೆಯೋ ಕಾಲ ಮುಗಿದಿತ್ತು. ಅವನು ರುಚಿಯಾಗಿ ತಿಂದದ್ದು ಅದೇ ಕೊನೆ."

ದರ್ಜಿಯಮ್ಮ ಆಗ ಅತ್ತರು. ಮಗ ಸತ್ತ ದಿನವೂ ಅವರು ಹೀಗೆ ಅತ್ತಿರಲಿಲ್ಲವೆಂದು ಕಿರಿಮಗ ಆಮೇಲೆ ಹೇಳಿದ. ಸೊಸೆ ಬಂದು ಅವರ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು ನಿಂತಳು.

"ಹೋಗ್ಬೇಡ ಕಣೇ," ಎಂದರು ಅವರು.

"ಹೋಗ್ತೀನಿ ಅತ್ತೆ," ಎಂದಳು ಸೊಸೆ. "ನಿಮ್ಮ ಮೇಲಿನ ಸಿಟ್ಟಿಗಲ್ಲ. ಪೆಟ್ಟಿಗೆ ನೀವು ಹೇಳೋಕ್ಮುಂಚೇನೇ ಕಟ್ಟಿದ್ದೆ. ಅವರಿಲ್ಲದ ಈ ಕೋಣೇಲಿ ನಂಗೆ ಉಸಿರು ಕಟ್ಟುತ್ತೆ. ಮೀನಿಗೆ ಹುಷಾರಾಗ್ಲಿ ಅಂತ ಕಾದಿದ್ದೆ, ಅಷ್ಟೆ."

ಭೂತಗನ್ನಡಿ ಕೈಕೊಟ್ಟು ಡಾಕ್ಟರನ್ನು ನೆಲದಿಂದ ಎಬ್ಬಿಸಿದರು.

ಮಚ್ಚೆ ಮೀನನ್ನು ಕಿರಿಮಗ ಅಂಗಡಿಗೆ ಹಿಂತಿರುಗಿಸಿದ. ಸಪ್ಪಗಿದ್ದ ನೀಲಿ ಮೀನು ಉಳಿಯಲಿಲ್ಲ, ಮಿಕ್ಕವು ಉಳಿದವು. ಸೊಸೆ ಮತ್ತೆ ಕೆಲವು ದಿನ ನಿಂತು ಅತ್ತೆಗೆ ನೀರು ಬದಲಿಸುವುದನ್ನೂ ಗುಳಿಗೆ ಹಾಕುವುದನ್ನೂ ಕಲಿಸಿ, ಕನ್ನಡಕದಂಗಡಿಯ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದು ಹೊರಟುಹೋದಳು.

ಸ್ವಲ್ಪ ದಿನ ಕಳೆದ ಮೇಲೆ ಡಾಕ್ಟರು ಪ್ಯಾಂಟಿನ ಅಂಚು ಮಡಿಸಿ ಹೊಲಿಸಿಕೊಳ್ಳಲು ಕೆಳಗೆ ಹೋದಾಗ ದರ್ಜಿಯಮ್ಮ ಫೋನಿನಲ್ಲಿದ್ದರು. ಕೂರಿ ಎಂದು ಕೈಸನ್ನೆ ಮಾಡಿದರು. ಆ ಕಡೆಯ ದನಿ ಡಾಕ್ಟರಿಗೂ ಸಣ್ಣಗೆ ಕೇಳುತ್ತಿತ್ತು.

"ಗುಳಿಗೆ ಹಾಕಿದ್ರಾ ಅತ್ತೆ?"

"ಹಾಕಿದೆ. ನೀನು ಹೇಳಿದಷ್ಟೇ."

"ನೀವು ಊಟ ಮಾಡಿದ್ರಾ?"

"ಆಯ್ತಮ್ಮ. ಈಗಷ್ಟೇ ಮಾಡಿದೆ."

ಡಾಕ್ಟರು ತೆರೆದ ಬಾಗಿಲಿನಾಚೆ ಅಡುಗೆಮನೆಯನ್ನು ನೋಡಿದರು. ಒಲೆ ಹೊತ್ತಿಸಿದ ಗುರುತಿರಲಿಲ್ಲ. ತೊಳೆದ ಪಾತ್ರೆಗಳು ಬೋರಲಾಗಿ ಒಣಗಿ ಯಾವ ಕಾಲವಾಗಿತ್ತೋ. ಅವರು ಪ್ಯಾಂಟನ್ನು ಕುರ್ಚಿಯ ಮೇಲೆ ಇಟ್ಟು, ಸದ್ದಾಗದಂತೆ ಒಳಗೆ ಹೋಗಿ, ಅಕ್ಕಿ ಡಬ್ಬ ಎಲ್ಲಿದೆಯೆಂದು ಹುಡುಕತೊಡಗಿದರು.